ಬಾಣಂತಿ ಕೋಣೆಯ ಗೋಡೆ

ಬನಹಟ್ಟಿ
20-10-2024

ಮಗಳು ಉಜ್ವಲಾಗೆ,

ನಿನ್ನ ಅವ್ವ ಬರೆಯುತ್ತಿದ್ದೇನೆ. ನಾನೂ ನಿನ್ನಪ್ಪನೂ ಗಟ್ಟಿ ಇದ್ದೇವೆ. ನೀನು, ಅಳಿಯಂದಿರು, ಅಂಜನಾ ಆರಾಮ ಇರಬೇಕು, ಹೊಟ್ಟೆಯಲ್ಲಿರುವುದೂ ಆರಾಮ ಇರಬೇಕು. ನಿನ್ನ ಮಾತು ಮುಟ್ಟಿ ಮೂರು ವಾರವಾಯಿತು, ಉತ್ತರ ತಡವಾಯಿತು. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ, ಹಾಗೆಯೇ ಬರೆಯುತ್ತಿದ್ದೇನೆ. ಮಹಾಲಿಂಗಪುರ ಬಸ್ಸಿನಲ್ಲಿ ಅರ್ಧ ತಾಸಿನ ಹಾದಿ, ಅದಕ್ಕೆ ಟಪಾಲು ಯಾಕೆ ಎಂದು ನಿನ್ನಪ್ಪ ನಗುತ್ತಾನೆ. ಫೋನು ಮಾಡಿದರೆ ನಾನು ಬೈಯುತ್ತೇನೆ, ನೀನು ಇಟ್ಟುಬಿಡುತ್ತೀ. ಕಾಗದವನ್ನು ಹರಿದು ಒಗೆಯಬಹುದು, ಆದರೆ ಒಗೆಯುವ ಮುಂಚೆ ಓದಿಯೇ ಓದುತ್ತೀ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು, ಅಕ್ಷರ ಸೊಟ್ಟ ಇದ್ದರೆ ನಿನ್ನ ಅತ್ತೆಗೆ ತೋರಿಸಿ ನಗಬೇಡ.

"ಎರಡನೇ ಬಾಣಂತನಾ ಇಲ್ಲೇ, ಬನಹಟ್ಟಿಗೆ ಬರಂಗಿಲ್ಲ" ಎಂದು ಹೇಳಿ ಕಳಿಸಿದ್ದೀ. ಅದು ನಿನ್ನ ಮಾತಲ್ಲ, ಸಿದ್ದಕ್ಕನ ಮಾತು. ಆ ಬೀಗತಿಯ ದನಿ ನನಗೆ ಗೊತ್ತು. ಎರಡು ವರ್ಷದ ಹಿಂದೆ ಶ್ರಾವಣದಲ್ಲಿ, ನಿನ್ನ ಬಾಣಂತನದ ಇಪ್ಪತ್ತೆಂಟನೇ ದಿನ, ಬಾಗಿಲಲ್ಲೇ ನಿಂತು ಮೂಗಿಗೆ ಸೆರಗು ಹಿಡಿದವಳಲ್ಲವೇ ಅವಳು. "ಏನ್ರಿ ಬೀಗತ್ಯಾರ, ಈ ಖೋಲ್ಯಾಗ ಕೂಸು ಸಾಕಾಕತ್ತೀರೋ ಬೂಷ್ಟ ಸಾಕಾಕತ್ತೀರೋ" ಅಂದಳು. ನಾನು ಕೊಟ್ಟ ಚಹಾ ಮುಟ್ಟಲಿಲ್ಲ. ನಿನ್ನನ್ನೂ ಕೂಸನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಹೊರಟೇಹೋದಳು. ಜಮಖಂಡಿಯ ಡಾಕ್ಟರು, ಗೊರಗೊರ ಉಸಿರೆಳೆಯುತ್ತಿದ್ದ ಅಂಜನಾಳ ಮೂಗಿಗೆ ಮಷಿನ್ನಿನ ಹೊಗೆ ಹಿಡಿಸಿ, ಮಲಗಿಸುವ ಕೋಣೆ ಹಸಿ ಇದೆಯೇ ಎಂದು ಕೇಳಿದರಂತೆ. ಆ ಒಂದು ಮಾತನ್ನು ನಿನ್ನ ಅತ್ತೆ ಬಸ್ ಸ್ಟ್ಯಾಂಡಿನಿಂದ ಬೆಲ್ಲದ ಪೇಟೆಯವರೆಗೆ ಪ್ರಸಾದ ಹಂಚಿದಂತೆ ಹಂಚಿದಳು. ತನ್ನ ಮನೆಯ ಟ್ರೆಝರಿ ಕಪಾಟು ಸರಿಸಿ ಅದರ ಹಿಂದಿನ ಗೋಡೆಯನ್ನು ಒಮ್ಮೆಯಾದರೂ ನೋಡಿದ್ದಾಳೆಯೇ? ಮೈತುಂಬ ಬಂಗಾರ ಹಾಕಿಕೊಂಡವರ ಮನೆಗೆ ಹಸಿ ಬರುವುದಿಲ್ಲ ಎಂದು ತಿಳಿದಿದ್ದಾಳೆ.

ಇರಲಿ. ಅವಳ ಬಾಯಿ ಕೆಟ್ಟದ್ದು, ಮೂಗು ಸರಿ ಇತ್ತು. ಇದನ್ನು ಅವಳಿಗೆ ಓದಿ ಹೇಳಬೇಡ.

ನಾನು ಮಾಡಿದ್ದಾದರೂ ಏನು? ಈ ಓಣಿಯವರೆಲ್ಲ ಮಾಡುವುದನ್ನೇ. ಬಾಣಂತಿಗೆ ಗಾಳಿ ಬಡಿಯಬಾರದೆಂದು ಕಿಟಕಿಗೆ ಗೋಣಿತಟ್ಟು ಬಡಿದೆ, ಸಂದಿಗೆ ಹಳೆಯ ಸೀರೆ ತುರುಕಿದೆ. ದಿನಕ್ಕೆ ಎರಡು ಹಂಡೆ ಸುಡುನೀರು, ಅದರ ಉಗಿ, ಶೇಗಡಿಯ ಕೆಂಡದ ಹೊಗೆ, ಎಲ್ಲ ಒಳಗೇ. ಒಂದು ಗೋಡೆಯ ಆಚೆ ಬಚ್ಚಲು. ಇನ್ನೊಂದರ ಆಚೆ ಮಗ್ಗ, ಅಲ್ಲಿ ನಿನ್ನಪ್ಪ ನೂಲು ಒಣಗಿ ಹರಿಯಬಾರದೆಂದು ನೆಲಕ್ಕೆ ನೀರು ಹೊಡೆದು ಬಾಗಿಲು ಮುಚ್ಚಿಕೊಂಡು ಕೂರುತ್ತಾನೆ. ಮಳೆ ಹತ್ತಿದರೆ ಗಂಜಿ ಹಾಕಿದ ನೂಲಿನ ಲಡಿಗಳನ್ನು ನಿನ್ನ ಹೊರಸಿನ ಮೇಲಿನ ಹಗ್ಗಕ್ಕೇ ಒಣಹಾಕುತ್ತಿದ್ದೆವು. ಶೇಗಡಿಯ ಕಾವಿಗೆ ನೂಲು ಒಣಗಿತು, ಅದರ ನೀರನ್ನೆಲ್ಲ ಗೋಡೆ ಕುಡಿಯಿತು. ಗೋಡೆ ಕಪ್ಪಾದಾಗ, ಹೆಸರಿಡಲು ಮಂದಿ ಬರುತ್ತಾರೆಂದು ಮೇಲೆ ಹಸಿರು ಬಣ್ಣ ಬಳಿಸಿದೆ. ಬಣ್ಣ ನೋಡಿ ಎಲ್ಲರೂ ಛಲೋ ಆಗೇತಿ ಅಂದರು. ಇಂಥ ಮಂದಿಯನ್ನು ನಂಬಿ ನಾನು ಮನೆ ಮಾಡಿದ್ದೇನೆ.

ನೀನು ಹೇಳಿ ಕಳಿಸುವ ಮುಂಚೆಯೇ, ಗಣಪತಿ ಹಬ್ಬದ ಮರುದಿನವೇ ಆ ಕೋಣೆಗೆ ಕೈ ಹಚ್ಚಿದ್ದೆ. ಮೊದಲು ಬಣ್ಣದ ಅಂಗಡಿಯವನು ಬಂದ. ಕೂದಲಿಗೆ ಎಣ್ಣೆ, ಕೈಯಲ್ಲಿ ಬಣ್ಣದ ಪಟ್ಟಿ.

"ಎರಡು ಕೋಟ ಹೊಡಸ್ರಿ ಅಕ್ಕಾರ, ಬೂಷ್ಟಿನ ಅಪ್ಪ ಬಂದ್ರೂ ಹಣಿಕಿ ಹಾಕಂಗಿಲ್ಲ" ಅಂದ.

"ಗ್ವಾಡಿ ಹಸಿ ಐತಲ್ಲೋ."

"ಬಣ್ಣದ ಹಿಂದ ಏನೈತಿ ಅಂತ ಯಾರ ನೋಡ್ತಾರ್ರಿ?"

"ಕೂಸು ನೋಡ್ತೈತಿ, ಮೂಗಿಲೆ. ನಡಿ ಎದ್ದು" ಅಂದೆ. ಪಟ್ಟಿ ಮರೆತು ಹೋದ, ಮತ್ತೆ ತರಲು ಬಂದಿಲ್ಲ.

ಎದುರು ಮನೆಯ ಗಂಗಾರಾಮ ತನ್ನ ಗೋಡೆಗೆ ಪ್ಲಾಸ್ಟಿಕ್ ಹಾಳೆ ಬಡಿಸಿದ್ದಾನೆ, ಹೂವಿನ ಚಿತ್ರದ್ದು. ಬಂದು ನೋಡು ಎಂದು ನಾಲ್ಕು ಸಲ ಕರೆದ. ಹೋದೆ. ಟಾಕೀಜಿನಂತೆ ಹೊಳೆಯುತ್ತಿತ್ತು. ಮೂಲೆಯಲ್ಲಿ ಒಂದು ಹಾಳೆಯನ್ನು ಉಗುರಿನಿಂದ ಎಬ್ಬಿಸಿದೆ. ಹಿಂದೆ ಅಂಗೈ ದಪ್ಪ ಕರಿ ಬೂಷ್ಟು, ತೊಯ್ದ ನಾಯಿಯ ವಾಸನೆ. "ಮುಚ್ಚಿದ್ದನ್ನ ಯಾಕ ತಗೀತಿ ಬೇ" ಎಂದು ಸಿಟ್ಟಾದ. ಆವತ್ತಿನಿಂದ ಮಾತು ಬಿಟ್ಟಿದ್ದಾನೆ. ಕಿವಿಗೆ ಆರಾಮ ಆಗಿದೆ.

ಗೌಂಡಿ ಚನಮಲ್ಲಪ್ಪ ಒಬ್ಬನೇ ಮನುಷ್ಯನಂತೆ ಮಾತಾಡಿದ. ಗೋಡೆಗೆ ಕಿವಿಕೊಟ್ಟು, ಬೆರಳಿನಿಂದ ಬಡಿದು, "ಯವ್ವಾ, ರೋಗ ಗ್ವಾಡಿಗಲ್ಲ, ಬಚ್ಚಲ ನಳಕ್ಕ ಐತಿ. ನೀರ ನಿಲ್ಲೂತನಕ ನೀವ್ ಏನ್ ಬಳದ್ರೂ ಅದಕ್ಕ ಅಂಗಿ ತೊಡಿಸಿದಂಗ" ಅಂದ. ನಳ ಬದಲಿಸಿದ. ಎದೆಯೆತ್ತರಕ್ಕೆ ಗಿಲಾವು ಕೆತ್ತಿ ತೆಗೆದ. ತಿಂಗಳು ಪೂರ್ತಿ ಇಟ್ಟಂಗಿ ಬರಿಮೈಯಲ್ಲಿ ಒಣಗಲಿ, ಅವಸರ ಮಾಡಿದರೆ ನನ್ನನ್ನು ಕರೆಯಬೇಡಿ ಎಂದು ಹೇಳಿ ಹೋದ.

ಇನ್ನು ನಿನ್ನಪ್ಪನ ಜಗಳ. ಕಿಟಕಿಯ ಗೋಣಿತಟ್ಟು ಕಿತ್ತಾಗ ಮಗ್ಗ ಬಿಟ್ಟು ಎದ್ದು ಬಂದ. "ಆ ಗಾಳಿ ಇತ್ತಾಗ ಬಂದ್ರ ಎಳಿ ಹರೀತಾವ ನೋಡ ಶಿವವ್ವಾ."

"ಎಳಿ ಹರದ್ರ ಗಂಟ ಹಾಕ್ತೀರಿ. ಕೂಸಿನ ಉಸರಿಗಿ ಯಾವ ಗಂಟ ಹಾಕ್ತೀರಿ?"

"ನಾವೆಲ್ಲ ಇದ ಮನ್ಯಾಗ ಬೆಳದಿಲ್ಲೇನ?"

"ಬೆಳದೀರಿ, ಅದಕ ಮಾತಾಡಿದ್ರ ಕೆಮ್ಮತೀರಿ" ಅಂದೆ. ಅಷ್ಟು ಹೇಳುವುದಕ್ಕೂ ಅವನಿಗೆ ಕೆಮ್ಮು ಬರುವುದಕ್ಕೂ ಸರಿಹೋಯಿತು. ಎರಡು ದಿನ ಉಣ್ಣುವಾಗ ಮಾರಿ ತಿರುವಿ ಕುಂತ. ಮೂರನೇ ದಿನ ತಾನೇ ಮಗ್ಗದ ಕಡೆಯ ಬಾಗಿಲಿಗೆ ಹೊಸ ಹಲಗೆ ಬಡಿದ. ಈಗ ನೂಲಿಗೆ ನೂಲಿನ ತಂಪು, ಕೋಣೆಗೆ ಕೋಣೆಯ ಗಾಳಿ. ಲಡಿ ಒಣಹಾಕುವುದು ಪಡಸಾಲೆಯಲ್ಲಿ. ಬಚ್ಚಲಿಗೆ ಉಗಿ ಹೊರಗೆ ದೂಡುವ ಫ್ಯಾನು ಕೂಡಿಸಿದೆ.

ಉಳಿದ ಗೋಡೆಯನ್ನು ನಾನೇ ತೊಳೆದೆ. ಬಾಯಿಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೈಗೆ ರಬ್ಬರಿನ ಚೀಲ ಹಾಕಿಕೊಂಡು, ಸಾಬೂನಿನ ನೀರಿನಲ್ಲಿ. ಒಣಗಿದ್ದಾಗ ಕೆರೆದರೆ ಬೂಷ್ಟು ಹಾರಿ ಮನೆಯೆಲ್ಲ ಹರಡುತ್ತದೆ ಎಂದು ಚನಮಲ್ಲಪ್ಪ ಹೇಳಿದ್ದ. ಮಾನೌಮಿಗೆ ಕೌದಿ ತೊಳೆಯುವಾಗ ಎರಡು ಕೌದಿಯ, ಒಂದು ಗಾದಿಯ ವಾಸನೆ ಹೋಗಲಿಲ್ಲ. ಚೀಲದಲ್ಲಿ ಬಿಗಿದು ಕಸದ ಗಾಡಿಗೆ ಕೊಟ್ಟೆ. ಓಣಿಯ ಹೆಂಗಸರು ಬಂದು ನೋಡಿ, "ಬಾಣಂತಿ ಖೋಲಿಗೆ ಕಿಡಕಿ ಇಟ್ಟಾಳ, ಕೂಸಿಗೆ ಥಂಡಿ ಹಿಡದ ಮ್ಯಾಲ ತಿಳೀತೈತಿ" ಅಂದರು. ಬಾಣಂತಿ ಹೊದ್ದುಕೊಂಡು ಬೆಚ್ಚಗಿರಬಹುದು, ಗೋಡೆ ಯಾಕೆ ಹೊದ್ದುಕೊಳ್ಳಬೇಕು ಎಂದು ಕೇಳಿದೆ. ಸೆರಗು ಸರಿಮಾಡಿಕೊಂಡು ಒಬ್ಬೊಬ್ಬರೇ ಹೊರಟರು. ತಲೆ ಇದ್ದವರನ್ನು ಕೇಳಬೇಕಿತ್ತು, ತಪ್ಪು ನನ್ನದೇ.

ಈಗ ಗೋಡೆಗೆ ಅಂಗೈ ಒತ್ತಿದರೆ ಒಣಗಿದ ಮಣ್ಣು ಮುಟ್ಟಿದಂತಿದೆ. ನಿನ್ನ ಅತ್ತೆ ಬಂದು ಮೂಗು ಹಚ್ಚಿ ನೋಡಲಿ. ಅಂಟಿನ ಉಂಡೆಗೆ ಉತ್ತತ್ತಿ, ಕೊಬ್ಬರಿ ತಂದಿಟ್ಟಿದ್ದೇನೆ. ನೀನು ಎಂಟು ತುಂಬಿದ ಮೇಲೆ ಬಾ.

ಹೊತ್ತಿಗೆ ಸರಿಯಾಗಿ ಉಣ್ಣು, ಭಾರ ಎತ್ತಬೇಡ. ಅಂಜನಾಳ ಎದೆ ಹಗುರಾಗಲಿ, ಅವಳು ಓಣಿಯ ತುಂಬ ಓಡಲಿ. ನಿನಗೆ ಸುಖವಾಗಿ ಬಿಡುಗಡೆಯಾಗಲಿ. ದೇವರಲ್ಲಿ ನಾನು ಬೇಡುವುದು ಇಷ್ಟೇ.

ನಿನ್ನ ಅವ್ವ,
ಶಿವವ್ವ

ತಾಜಾ ಕಲಂ: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಗಿಲಾವು ಕೆತ್ತುವಾಗ ಹಸಿರು ಬಣ್ಣದ ಕೆಳಗೆ ಕಪ್ಪು ಇತ್ತು, ಅದರ ಕೆಳಗೆ ನೀಲಿ ಸುಣ್ಣ, ನೀಲಿಯ ಕೆಳಗೂ ಕಪ್ಪು. "ಈ ನೀಲಿ ಯಾವಾಗ ಹಚ್ಚಿದ್ರಿ ಯವ್ವಾ" ಎಂದು ಚನಮಲ್ಲಪ್ಪ ಕೇಳಿದ. ಗೊತ್ತಿಲ್ಲ ಅಂದೆ. ಗೊತ್ತಿತ್ತು. ನಿನಗಿಂತ ನಾಲ್ಕು ವರ್ಷ ಮೊದಲು ನನಗೊಂದು ಗಂಡು ಕೂಸು ಆಗಿತ್ತು. ನನ್ನ ಅವ್ವ ತೀರಿದ್ದಳು, ಅದಕ್ಕೆ ಬಾಣಂತನ ಇದೇ ಕೋಣೆಯಲ್ಲಿ. ಕೂಸು ಉಸಿರೆಳೆದರೆ ಪಕ್ಕೆ ಒಳಗೆ ಹೋಗುತ್ತಿತ್ತು. "ಅತ್ತಿ, ಒಂದೀಟ ಕಿಡಕಿ ತಗೀರಿ" ಎಂದು ಕೈ ಮುಗಿದೆ. ನಿನ್ನ ಅಜ್ಜಿ ತೆಗೆಯಲಿಲ್ಲ. ಹತ್ತೊಂಬತ್ತನೇ ದಿನ ಹೋಯಿತು. ದೃಷ್ಟಿ ತಾಗಿತು ಅಂದರು, ನೀಲಿ ಸುಣ್ಣ ಹಚ್ಚಿದರು. ಗೋಡೆಯಿಂದ ಹೋಯಿತೋ ಮತ್ತೇನೋ, ಯಾವ ಡಾಕ್ಟರೂ ನೋಡಲಿಲ್ಲ. ಆದರೆ ಇಪ್ಪತ್ತೆಂಟು ವರ್ಷದ ಮೇಲೆ ಅದೇ ಹೊರಸಿನಿಂದ ನೀನು ಅದೇ ಮಾತು ಕೇಳಿದಾಗ ನಾನು ನಿನಗೆ ಸುಮ್ಮನೆ ಮಲಗು ಅಂದೆ.

ಕೋಣೆ ಒಣಗಿದ್ದು ಖರೆ. ಆದರೆ ಮೊನ್ನೆ ಅಲ್ಲಿ ನಿನ್ನ ಹಾಸಿಗೆ ಹಾಸಲು ಹೋದೆ, ಕೈ ಬರಲಿಲ್ಲ. ನೀನು ಬರಬೇಡ. ನಾನೇ ಅಲ್ಲಿಗೆ ಬಂದು ಕೂಸಿಗೆ ನೀರು ಹಾಕುತ್ತೇನೆ, ನಿನಗೆ ಬಡಿಸುತ್ತೇನೆ. ನಲವತ್ತು ದಿನ ನನ್ನನ್ನು ಇಟ್ಟುಕೊಳ್ಳುತ್ತಾಳೆಯೇ ಎಂದು ಸಿದ್ದಕ್ಕನನ್ನು ಕೇಳು. ಯಾರನ್ನಾದರೂ ಕೇಳಿಕೊಳ್ಳುವುದು ನನಗೆ ಬರುವುದಿಲ್ಲ, ನೀನೇ ಕೇಳು.