ನುಡಿಸದ ಸ್ವರ

ನಿಶ್, ಗುರುವಾರ

ಪ್ರೀತಿಯ ವುಕಾಶಿನ್ ಅಣ್ಣಾ,

ನೀನು ಕಟ್ಟಿಕೊಟ್ಟ ಗಿಟಾರ್ ಆಂಪ್ಲಿಫೈಯರ್ ವಿಷಯಕ್ಕೆ ಬರೆಯುತ್ತಿದ್ದೇನೆ. ಸದ್ದು ಪೂರ್ತಿ ಏರಿಸಿ ಮೇಲಿನ ತಂತಿ ಮೀಟಿದರೆ, ನಾನು ನುಡಿಸದ ಇನ್ನೊಂದು ಅಪಸ್ವರ ಅದರಡಿಯಲ್ಲಿ ನರಳುತ್ತದೆ. ನಮ್ಮ ಡ್ರಮ್ಮರ್ ರೆಲ್ಯಾನಿಗೆ ಕೇಳಿಸಲೇ ಇಲ್ಲ. "ಹೋಗೇ ಮಾರಾಯ್ತಿ, ಮೊದ್ಲು ಕಿವಿ ತೊಳ್ಕೊಂಡ್ ಬಾ," ಎಂದು ನಕ್ಕ. ನಾನೂ ನಕ್ಕೆ. ಆದರೆ ಅಮ್ಮನ ಕಿವುಡು ಶುರುವಾದದ್ದೂ ಇಲ್ಲದ ಸದ್ದು ಕೇಳಿಸಿಯೇ ಅಲ್ಲವೇ?

ಹಳೇ ಆಂಪ್‌ನ ಸದ್ದನ್ನು ನಕಲು ಮಾಡುವ ಕಂಪ್ಯೂಟರ್ ಪ್ರೋಗ್ರಾಮಿನಲ್ಲೂ ನುಡಿಸಿ ನೋಡಿದೆ. ಅಲ್ಲೂ ಅದೇ ನರಳಾಟ! ಹಾಗಾದರೆ ಕೆಟ್ಟಿರುವುದು ನನ್ನ ಕಿವಿಯೇ? ಇಲ್ಲಾ, ನಕಲು ಮಾಡುವವರು ದೋಷವನ್ನೂ ನಕಲು ಮಾಡುತ್ತಾರೆಯೇ?

ನಿನ್ನೆ ಕಾಫಿ ತಂದ ಅಮ್ಮ ನಾನು ಬಿಳಿಚಿಕೊಂಡದ್ದನ್ನು ಕಂಡು, ಆಂಪ್‌ನ ಮೇಲೆ ಅಂಗೈಯಿಟ್ಟು, ನುಡಿಸು ಎಂದು ಸನ್ನೆ ಮಾಡಿದಳು. ನುಡಿಸಿದೆ.

"ಇದ್ರೊಳಗೆ ಇಬ್ರು ನಡೀತಿದಾರೆ ಕಣೇ. ಒಬ್ಬ ಕುಂಟ್ತಿದಾನೆ."

ಅಲ್ಲೇ ಕೂತು ಅತ್ತುಬಿಟ್ಟೆ. ಅಮ್ಮನ ಅಂಗೈಗೂ ಅದು ಸಿಕ್ಕಿತ್ತು; ದೋಷ ನನ್ನ ಕಿವಿಯದಲ್ಲ.

ಒಳಗೆ ಕರೆಂಟು ಹಿಡಿದಿಟ್ಟುಕೊಳ್ಳುವ ಆ ಕೆಪಾಸಿಟರ್‌ಗಳು ಕೆಟ್ಟಿರಬೇಕು. ಸ್ವಿಚ್ ಆರಿಸಿದರೂ ಅವುಗಳಲ್ಲಿ ಕರೆಂಟು ಉಳಿದು ಶಾಕ್ ಹೊಡೆಯುತ್ತದೆಂದು ನೀನೇ ಹೆದರಿಸಿದ್ದರಿಂದ ಮುಚ್ಚಳ ಮುಟ್ಟಿಲ್ಲ. ಮುಂದಿನ ಶನಿವಾರ ರೆಕಾರ್ಡಿಂಗ್. ಅದಕ್ಕೆ ಮೊದಲೇ ಹೊಸವನ್ನು ತೆಗೆದುಕೊಂಡು ನೋವಿ ಸಾದ್‌ನಿಂದ ಬಾ. ಅಮ್ಮ ಕೋಸಿನೆಲೆಯಲ್ಲಿ ಮಾಂಸ ಸುತ್ತಿ ಸಾರ್ಮಾ ಮಾಡುತ್ತಾಳಂತೆ.

ಇನ್ನೊಂದು ಮಾತು. ಇವತ್ತು ಬೆಳಗ್ಗೆ ಅಮ್ಮ ತಾನಾಗಿಯೇ ಕುರ್ಚಿ ಎಳೆದುಕೊಂಡು ಆಂಪ್‌ನ ಪಕ್ಕ ಕೂತಳು. ನನ್ನ ಗಿಟಾರು ಅವಳನ್ನು ಮುಟ್ಟಿ ಎಷ್ಟೋ ವರ್ಷವಾಗಿತ್ತು. ನೀನು ಸರಿಮಾಡಿದ ಮೇಲೂ ಅವಳ ಅಂಗೈಗೆ ಏನಾದರೂ ಸಿಗುತ್ತದಲ್ಲವೇ, ಅಣ್ಣಾ? ಬಿಚ್ಚುವ ಮುಂಚೆ ಅದನ್ನು ಯೋಚಿಸು.

ನಿನ್ನ ತಂಗಿ,
ಝೊರಾನಾ