ಕಂಬಳಿ ಮರೆಯ ವ್ಯಾಪಾರ

ದೆಹಲಿ, ಮಂಗಳವಾರ

ಮಾವ, ದನದ ಜಾತ್ರೆಯಲ್ಲಿ ನೀವು ಟವೆಲ್ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುತ್ತೀರಲ್ಲ, ಇಲ್ಲೂ ಅದೇ ಪದ್ಧತಿ ಎಂದುಕೊಂಡು ಪೇಚಿಗೆ ಸಿಕ್ಕಿಕೊಂಡೆ.

ನಾನು ನೇಯ್ದ ಕಂಬಳಿಯನ್ನು ವಿದೇಶಿ ಮಂತ್ರಿಗೆ ಹೊದಿಸಲು ಕರೆಸಿದ್ದರಲ್ಲ, ಇವತ್ತು ಆ ಸಭೆ ಆಯಿತು. ಅವರ ಸರ್ಕಾರ ನಮ್ಮ ಹುಳಿಯಾರು ಕಡೆ ಕುರಿ ಆಸ್ಪತ್ರೆ ಕಟ್ಟಿಸಿಕೊಡುತ್ತದಂತೆ. ನಮ್ಮ ಸರ್ಕಾರ ಅವರಿಂದ ಫಿರಂಗಿ ಕೊಳ್ಳುತ್ತದಂತೆ. ಎರಡಕ್ಕೂ ಸಂಬಂಧವೇ ಇಲ್ಲವೆಂದು ಅವರ ಮಂತ್ರಿ, ನಮ್ಮ ಮಂತ್ರಿ ಇಬ್ಬರೂ ಮೈಕಿನಲ್ಲಿ ಹೇಳಿ, ಫೋಟೋಗೆ ಕೈ ಕುಲುಕುತ್ತ ನಿಂತರು. ನಾನು ಹೊದಿಸಿದ ಕಂಬಳಿ ಹೆಗಲಿಂದ ಜಾರಿ ಆ ಕೈಗಳ ಮೇಲೆಯೇ ಬಿತ್ತು. ಆದರೂ ಇಬ್ಬರೂ ಕೈ ಬಿಡಲಿಲ್ಲ. ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ.

“ವ್ಯಾಪಾರ ಕುದುರ್ತಲ್ಲ ಸ್ವಾಮಿ, ದಲ್ಲಾಳಿ ಯಾರ್ರೀ?” ಅಂದುಬಿಟ್ಟೆ.

ನನಗೆಂದು ಇಟ್ಟಿದ್ದ ತುಮಕೂರಿನ ದುಭಾಷಿ ಅದನ್ನು ಚಾಚೂ ತಪ್ಪದೆ ಇಂಗ್ಲಿಷಿಗೆ ತಂದ. ಮಂತ್ರಿಗಳು ಕೈ ಕಿತ್ತುಕೊಂಡರು. ಹಿಂದಿನ ಸಾಲಿನ ಕೋಟಿನವನೊಬ್ಬ ಸರಕ್ಕನೆ ಎದ್ದು ಹೊರಗೆ ಹೋದ. ನನ್ನನ್ನೂ ರಟ್ಟೆ ಹಿಡಿದು ಹೊರಗೆ ಕಳಿಸಿದರು.

ಫಿರಂಗಿ ಕೆಟ್ಟರೆ ನೋಡಿಕೊಳ್ಳಲು ಅವರ ಮೆಕ್ಯಾನಿಕ್‌ಗಳು ಇಲ್ಲೇ ಇರುತ್ತಾರಂತೆ. ಕುರಿ ಆಸ್ಪತ್ರೆಗೆ ಡಾಕ್ಟರು ಯಾರೆಂದು, ಸಭೆ ಮುಗಿಸಿ ಹೊರಗೆ ಬಂದ ದುಭಾಷಿಯನ್ನು ಕೇಳಿದೆ. “ಒಪ್ಪಂದದಾಗೆ ಕಟ್ಟಡ ಮಾತ್ರ ಐತೆ ಕಣಪ್ಪ, ಸುಮ್ಕೆ ಬುಡು” ಅಂದ.

ಇಲ್ಲಿಯ ನೀರು ಒಗ್ಗದೆ ನೆಗಡಿಯಾಗಿದೆ, ಗಾಬರಿ ಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು. ಕೆಮ್ಮುತ್ತಿದ್ದ ಕರಿ ಟಗರಿಗೆ ನೀವೇ ಕಷಾಯ ಕುಡಿಸಿ. ಡಾಕ್ಟರಿಗೆ ಕಾಯಬೇಡಿ, ಮೊದಲು ಬರುವುದು ಫಿರಂಗಿ.

ನಿಮ್ಮ ಅಳಿಯ,
ಚಿತ್ತೇಶ