ಕಂಬಿಯ ಮೇಲಿನ ಬೊಟ್ಟು

ಹೇಮಾ,

ಹೊಸನಗರಕ್ಕೆ ಹೊರಟೆ, ಸಂಜೆ ಬರ್ತೀನಿ. ಹಾಲು ಕಾಯಿಸಿಲ್ಲ, ನೋಡ್ಕೋ.

ಲೇಸರ್ ಮಷೀನಲ್ಲಿ ಕೆತ್ತೋ ಅಪ್ಪನ ಫೋಟೋ ಐದನೇ ಮರದ ಹಲಗೆಯಲ್ಲೂ ಕೆಟ್ಟಿತು. ಹಣೆ ಸರಿಯಾಗಿದೆ, ಕಣ್ಣಿಂದ ಕೆಳಗೆ ಇಡೀ ಮುಖ ಒಂದು ಬೆರಳು ಬಲಕ್ಕೆ ಸರಿದಿದೆ. ಭಾನುವಾರ ವರ್ಷದ ಕಾರ್ಯ, ಬಂದವರ ಎದುರು ಇದನ್ನು ಹೇಗೆ ಇಡೋದು? ಬೆಲ್ಟ್ ಬಿಗಿ ಮಾಡಿದೆ, ಹಲಗೆ ಅಲುಗದಂತೆ ಟೇಪ್ ಹಾಕಿದೆ, ಸ್ಪೀಡೂ ಇಳಿಸಿದೆ. ಆದರೂ ಸರಿಹೋಗಲಿಲ್ಲ.

ಇವತ್ತು ಬೆಳಿಗ್ಗೆ ಮಷೀನಿನ ಮೇಲೆ ಕೈಯಾಡಿಸಿದಾಗ ಗೊತ್ತಾಯ್ತು. ಲೇಸರ್ ಓಡಾಡೋ ಕಂಬಿಯ ಮೇಲೆ ಗಂಧ-ಕುಂಕುಮ ಒಣಗಿ ಗಟ್ಟಿಯಾಗಿ ಕೂತಿದೆ. ಅಲ್ಲಿಗೆ ಬಂದಾಗ ಎಡವಿ ದಾರಿ ತಪ್ತಿದೆ. ಆಯುಧಪೂಜೆಗೆ ಅಲ್ಲಿ ಬೊಟ್ಟು ಇಟ್ಟವಳು ಅಮ್ಮ. ಹಲಗೆ ಕೆಟ್ಟಾಗಲೆಲ್ಲ ಅದರ ಮೇಲೇ ಇನ್ನೊಂದು ಇಡ್ತಿದಾಳೆ, ಅಪ್ಪನ ಮುಖ ನೆಟ್ಟಗೆ ಬರಲಿ ಅಂತ.

ಒದ್ದೆ ಬಟ್ಟೆಯಲ್ಲಿ ಪೂರ್ತಿ ಒರೆಸು. ಅಮ್ಮನಿಗೂ ನೀನೇ ಹೇಳು.

ನಾನೇ ಹೇಳೋಣ ಅಂತ ಅಡುಗೆಮನೆಗೆ ಹೋದೆ. ನಾನು ಬಾಯಿ ಬಿಡೋ ಮೊದಲೇ, "ಇವತ್ತು ಎರಡು ಇಟ್ಟಿದೀನಿ ಕಣೋ, ಹೆದರ್ಬೇಡ" ಅಂದ್ಲು. ಬಸ್ಸಿಗೆ ಹೊತ್ತಾಯ್ತು ಅಂದು ಈಚೆ ಬಂದುಬಿಟ್ಟೆ.

ಬಸ್ಸಿಗೆ ಇನ್ನೂ ಒಂದು ಗಂಟೆ ಇದೆ.

ಶಿವು